ಲೈಫ್‌ಟೈಮ್ ಬೇಕೇನ್ರಿ?

"ಈ ಸಿಮ್ ನೀವ ನುಂಗ್ರಿ!"

ನಾಜಮೀನ ಸಿಮ್ ಕಾರ್ಡನ್ನು ಗಾಜಿನ ಕೌಂಟರ್ ಮೇಲೆ ಕುಕ್ಕಿದಳು. ಗಜೇಂದ್ರಗಡ ಬಸ್‌ಸ್ಟ್ಯಾಂಡ್ ಎದುರಿನ ಆ ಪುಟ್ಟ ಮೊಬೈಲ್ ಅಂಗಡಿಯಲ್ಲಿ ರೀಚಾರ್ಜಿಗೆ ನಿಂತಿದ್ದವರೆಲ್ಲ ಸರಿದು ದಾರಿ ಬಿಟ್ಟರು.

ಕೌಂಟರಿನ ಹಿಂದೆ ಕೂತಿದ್ದ ದಿಲಾವರ ತಲೆ ಎತ್ತಿದ. ಎತ್ತಿದವನು ಹಾಗೇ ಉಳಿದುಬಿಟ್ಟ...

ಮೂಗಿನ ತುದಿಯಲ್ಲಿ ಹಿಟ್ಟು. ಕಣ್ಣಲ್ಲಿ ಬೆಂಕಿ!

"ಏ... ಏನಾತ್ರಿ?"

"ಏನಾತಾ? ಮುಶಿಗೇರಿ ಬಾಳವ್ವ ಫೋನ್ ಮಾಡಿದ್ಲು. 'ಮದುವಿ ಮುಂದಕ್ಕ ಹೋಗೇತಿ, ಶಾವಿಗಿ ಕಳಸಬ್ಯಾಡ' ಅಂದ್ಲಂತ. ನಿಮ್ಮ ಗರುಡ ಕಂಪನಿ ನನಗ 'ಶಾವಿಗಿ ಕಳಸ' ಅನ್ನೂತನಾ ಕೇಳಿಸಿ, 'ಬ್ಯಾಡ' ಅನ್ನೂದನ್ನ ನುಂಗಿಬಿಟ್ಟೈತಿ! ಬುಟ್ಟಿಗಟ್ಲೆ ಶಾವಿಗಿ ಬಸ್ಸಿನ್ಯಾಗ ಹೋಗಿ, ಬಸ್ಸಿನ್ಯಾಗ ವಾಪಸ್ ಬಂದು, ಪುಡಿಪುಡಿಯಾಗಿ ರವಾ ಆಗ್ಯಾವ!"

ದಿಲಾವರನಿಗೆ ನಗು ಬಂತು. ನಕ್ಕ. ಅದೇ ತಪ್ಪಾಯಿತು.

"ನಗ್ರಿ, ನಗ್ರಿ! ಅದ ರವಾದ್ಲೆ ಉಪ್ಪಿಟ್ಟ ಮಾಡಿ ನಿಮ್ಮ ಕಂಪನಿಯವ್ರಿಗೆ ತಿನ್ನಸ್ತೀನಿ!"

"ಕಂಪನಿ ನಂದಲ್ರಿ. ನಂದಾಗಿದ್ರ ನಾ ಈ ಝಳದಾಗ ಇಲ್ಲ್ಯಾಕ ಕುಂದರತಿದ್ದೆ?" ಅವನು ಡ್ರಾಯರಿನಿಂದ ಇನ್ನೊಂದು ಕಾರ್ಡ್ ತೆಗೆದ. "ಇದು ಮಿಂಚು ಕಂಪನಿದು. ರೇಂಜ್ ಚಲೋ ಐತಿ. ಬದಲಿ ಮಾಡ್ರಿ."

"ನಂಬರ ಅದ ಇರತೈತೇನು?"

"ಇಲ್ರಿ... ನಂಬರ ಬ್ಯಾರೆ ಬರತೈತಿ."

ನಾಜಮೀನಳ ಸಿಟ್ಟು ಒಮ್ಮೆಲೇ ಇಳಿದು, ಮುಖ ಸಣ್ಣದಾಯಿತು. ಅಬ್ಬಾ ತೀರಿಕೊಂಡ ಮೇಲೆ ಅವಳೂ ಅಮ್ಮ ಜಮಾಲಬಿಯೂ ಒಂದು ಶಾವಿಗಿ ಮಷಿನ್ ನಂಬಿ ಬದುಕಿದವರು. ಲಕ್ಕಲಕಟ್ಟಿ, ಅಸೂಟಿ, ಮುಶಿಗೇರಿ... ಎಲ್ಲ ಕಡೆಯಿಂದ ಆರ್ಡರ್ ಬರುವುದು ಆ ನಂಬರಿಗೇ. ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಿಸಿದ್ದೂ ಅದನ್ನೇ.

ಆಗ ಹಾಗೇ ಇತ್ತು ಕಾಲ! ಕಂಪನಿ ಬಿಟ್ಟರೆ ನಂಬರನ್ನೂ ಬಿಡಬೇಕು. ರೊಕ್ಕ ನಮ್ಮದು, ಮಾತು ನಮ್ಮದು, ಆದರೆ ನಂಬರಿಗೆ ಯಜಮಾನರು ಮಾತ್ರ ಅವರು! ಟವರ್ ಹಾಕ್ರೋ ಅಂದ್ರೆ ಪೋಸ್ಟರ್ ಹಾಕೋ ಜನ. ಆ ಪೋಸ್ಟರಿನಲ್ಲಿ ನಗುವ ಹುಡುಗಿಯನ್ನು ನಮ್ಮ ಗಡದ ಗುಡ್ಡದ ಬುಡಕ್ಕೆ ತಂದು ನಿಲ್ಲಿಸಬೇಕಿತ್ತು. ಫೋನ್ ಹಿಡಿದು ಹಂಗೇ ನಗುತ್ತಿದ್ದಳೇನು ನೋಡಬೇಕಿತ್ತು!

"ಒಂದ ಕೆಲಸ ಮಾಡೂನ್ರಿ," ಎಂದ ದಿಲಾವರ, ಮೆಲ್ಲಗೆ. "ನಾ ನಿಮ್ಮನಿಗೆ ಬಂದು ಎರಡೂ ಕಂಪನಿ ರೇಂಜ್ ಹಚ್ಚಿ ನೋಡ್ತೀನಿ. ಆಮ್ಯಾಲ ಏನ ಮಾಡೂದಂತ ವಿಚಾರ ಮಾಡೂನು."

ಅವಳು ಹೂಂ ಅಂದಳು. ಮೆಟ್ಟಿಲು ಇಳಿಯುವಾಗ ಅವನ ದನಿ ಮತ್ತೆ ಕೇಳಿಸಿತು.

"ನಾಜಮೀನ ಅವ್ರ... ಮೂಗಿಗೆ ಹಿಟ್ಟ ಹತ್ತೇತ್ರಿ."

ಇಷ್ಟೊತ್ತು ಹೀಗೇ ಬೈದೆನಾ! ಯಾ ಅಲ್ಲಾ...

* * *

ಮರುದಿನ ಬಂದ. ಎರಡೂ ಕೈಯಲ್ಲಿ ಒಂದೊಂದು ಮೊಬೈಲ್ ಹಿಡಿದು, ಪಡಸಾಲೆಯಿಂದ ಅಡಗಿಮನಿಗೆ, ಅಡಗಿಮನಿಯಿಂದ ಹಿತ್ತಲಿಗೆ, ಏನೋ ಕಳಕೊಂಡವನಂತೆ ತಿರುಗಿದ. ಮಿಂಚು ಒಲೆಯ ಪಕ್ಕದಲ್ಲೂ ಹಿಡಿಯಿತು. ಗರುಡ ಮಾತ್ರ ಮಾಳಗಿ ಹತ್ತಿ, ಒಣಹಾಕಿದ ಶಾವಿಗಿ ಕೋಲುಗಳ ಆಚೆ, ಮೂಲೆಯಲ್ಲಿ ನಿಂತರಷ್ಟೇ!

ಸಿಟ್ಟಿಗೆದ್ದು ಅಲ್ಲಿಂದಲೇ ಕಸ್ಟಮರ್ ಕೇರಿಗೆ ಹಚ್ಚಿದ.

"ಕನ್ನಡಕ್ಕಾಗಿ ಎರಡನ್ನು ಒತ್ತಿ" ಅಂದಿತು. ಒತ್ತಿದ. "ನಿಮ್ಮ ಕರೆ ನಮಗೆ ಅಮೂಲ್ಯವಾದುದು" ಅಂದಿತು.

"ಅಮೂಲ್ಯ ಇದ್ರ ಎತ್ತವ್ವ ತಾಯಿ!" ಎಂದು ಇವನು ಚೀರಿದ. "ನಿಂತ ನಿಂತ ನನ್ನ ನೆತ್ತಿ ಸುಡಾಕತ್ತೈತಿ!"

"ಅದು ಟೇಪ್ ಐತೋ ಯಪ್ಪಾ," ಜಮಾಲಬಿ ಕೆಳಗಿನಿಂದ ಕೂಗಿದರು. "ಬೈದ್ರ ಅದಕ್ಕೇನ ತಿಳೀತೈತಿ?"

ಕೋಲುಗಳ ಆಚೆ ನಾಜಮೀನ ಬಾಯಿಗೆ ಓಢಣಿ ಒತ್ತಿಕೊಂಡು ನಗುತ್ತಿದ್ದಳು. ಶಾವಿಗಿ ಎಳೆಗಳ ನಡುವೆ ಆ ನಗು ಕಂಡ ದಿಲಾವರನಿಗೆ ಕಸ್ಟಮರ್ ಕೇರೂ ಮರೆತುಹೋಯಿತು, ಕೈಯಲ್ಲಿದ್ದ ಫೋನೂ.

ಮತ್ತೆ ಬಂದ. "ಮುಂಜಾನಿ ರೇಂಜ್ ಬ್ಯಾರೆ, ಸಂಜಿ ರೇಂಜ್ ಬ್ಯಾರೆ ಇರತೈತ್ರಿ" ಅಂದ. ಇನ್ನೊಮ್ಮೆ ಬಂದ. "ಮೋಡ ಆಗೇತಲ್ರಿ, ರೇಂಜ್ ನೋಡಬೇಕು" ಅಂದ.

"ಈ ಹುಡುಗ ನಮ್ಮನಿ ಮ್ಯಾಲ ಟವರ್ ನಿಲ್ಲಿಸೂತನಾ ಬಿಡೂದಿಲ್ಲ ನೋಡ," ಎಂದರು ಜಮಾಲಬಿ, ಚಾಕ್ಕೆ ಇನ್ನೊಂದು ಕಪ್ ನೀರು ಹಾಕುತ್ತಾ.

ಸಂಜೆಯಾದರೆ ನಾಜಮೀನಳ ಕಿವಿ ಬಾಗಿಲ ಕಡೆಗೇ... ಇದೇನಾಗುತ್ತಿದೆ ನನಗೆ?

* * *

ಒಂದು ದಿನ ಅವಳು ಹಿಟ್ಟು ನಾದುತ್ತಿದ್ದಾಗ ಅವನು ಹೊಸಿಲ ಹತ್ತಿರ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ. ಕಿವಿಯಲ್ಲಿ ಅತ್ತರಿನ ಹತ್ತಿ. ಯಾಕೋ ಒಳಗೆ ಬರಲೊಲ್ಲ.

"ನಾಜಮೀನ ಅವ್ರ... ತಿಂಗಳಾ ತಿಂಗಳಾ ರೀಚಾರ್ಜ್ ಅಂತ, ರೇಂಜ್ ಅಂತ ನಾ ಹಿಂಗ ಎಷ್ಟ ದಿನಾ ಬರೂದ್ರಿ? ಒಮ್ಮೆಲೆ ಲೈಫ್‌ಟೈಮ್ ಆಗಿಬಿಟ್ರ..." ಅವನು ಅಂಗಿಯ ಗುಂಡಿ ತಿರುವಿದ. "ಇಬ್ರಿಗೂ ಚಲೋ ಅಲ್ಲೇನ್ರಿ?"

ಆ ವರ್ಷ ಎಲ್ಲ ಕಂಪನಿಗಳದ್ದೂ ಅದೇ ಗದ್ದಲ. ಲೈಫ್‌ಟೈಮ್! ಒಮ್ಮೆ ರೊಕ್ಕ ಕಟ್ಟಿದರೆ ಬರುವ ಕರೆ ಜೀವನಪೂರ್ತಿ ನಿಲ್ಲುವುದಿಲ್ಲ ಎಂದು ಗೋಡೆಗೋಡೆಗೂ ಬರೆಸಿದ್ದರು.

"ಲೈಫ್‌ಟೈಮಾ? ಅಯ್ಯ, ಬ್ಯಾಡ್ರಿ!" ನಾಜಮೀನ ತಲೆ ಎತ್ತದೆ ಹಿಟ್ಟು ಗುದ್ದಿದಳು. "ಯಾವಾಗ ಕೈ ಕೊಡ್ತಾವೋ ಏನೋ! ತಿಂಗಳಾ ತಿಂಗಳಾ ನೋಡೂದು. ಇದಕ್ಕಿಂತ ಚಲೋದು ಸಿಕ್ರ ಬದಲಿ ಮಾಡೂದು."

"ಬದಲಿ... ಮಾಡೂದಾ?"

"ಮತ್ತ? ಒಂದಕ್ಕ ಅಂಟ್ಕೊಂಡ ಕುಂದರಾಕ ಇದೇನ ನಿಕಾಹನೇನ್ರಿ?"

ಅವಳು ನಕ್ಕು ತಲೆ ಎತ್ತುವಷ್ಟರಲ್ಲಿ ಅವನ ಮುಖದ ಬಣ್ಣ ಹೋಗಿತ್ತು.

"ಆತ್ರಿ," ಎಂದ. ಅಷ್ಟೇ. ಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳು ಅಂಗಡಿಯ ಮುಂದೆ ಹಾದರೆ ಬೇಕೆಂದೇ ಬೆನ್ನು ತಿರುಗಿಸಿ ಕೂತ.

ಓಹೋ! ಲೈಫ್‌ಟೈಮ್ ಕಾರ್ಡ್ ತಗೊಳ್ಳಲಿಲ್ಲವೆಂದು ಈ ಸಿಟ್ಟು! ಚಾ ಕುಡಿದದ್ದು, ನಕ್ಕದ್ದು, ಬಿಸಿಲಲ್ಲಿ ನಿಂತದ್ದು, ಎಲ್ಲ ಕಮಿಷನ್ನಿಗಾಗಿಯೇ? ಬೇರೆ ಅಂಗಡಿಯಿಂದ ಮಿಂಚು ಸಿಮ್ ತಂದಳು. ಪ್ಯಾಕೆಟ್ಟುಗಳಿಗೆಲ್ಲ ಹೊಸ ಚೀಟಿ ಅಂಟಿಸಿದಳು. ಗಿರಾಕಿಗಳಿಗೆಲ್ಲ ಹೊಸ ನಂಬರ್ ಹೇಳಿ ಕಳಿಸಿದಳು.

ಒಬ್ಬನಿಗೆ ಬಿಟ್ಟು.

* * *

ಒಂದು ಮಧ್ಯಾಹ್ನ ಬಾಳವ್ವ ಖುದ್ದು ಬಂದಳು. ಮದುವೆಯ ದಿನ ಮತ್ತೆ ಗೊತ್ತಾಗಿತ್ತಂತೆ.

"ಈ ಸಲ ಫೋನಿನ ಉಸಾಬರಿನ ಬ್ಯಾಡಂತ ನಾನ ಬಂದೆ ತಂಗೆವ್ವ," ಎಂದು ಎಲೆಯಡಿಕೆ ಚೀಲ ಬಿಚ್ಚಿದಳು. "ದಾರ್‍ಯಾಗ ದಿಲಾವರನ ಅಂಗಡಿಗೆ ಹೋಗಿದ್ದೆ, ಬಾಗಲಾ ಹಾಕಾಕತ್ತಿದ್ದ. ತಾಯಿ ಮಗ ನರಗುಂದಕ್ಕ ಹೊಂಟಾರ, ಹೆಣ್ಣ ನೋಡಾಕ."

ನಾಜಮೀನಳ ಕೈಯಲ್ಲಿದ್ದ ತಕ್ಕಡಿ ಒಂದು ಕಡೆಗೆ ವಾಲಿತು.

"ಹೆಣ್ಣ ನೋಡಾಕ ಹೊಂಟವನ ಮುಖ ನೋಡಿದ್ರ ಮಣ್ಣಿಗೆ ಹೋಗಿಬಂದಾಂವನಂಗ! ಯಾಕೋ ತಮ್ಮಾ ಅಂದೆ. 'ಶಾವಿಗಿ ಮನ್ಯಾಕಿಗೆ ಲೈಫ್‌ಟೈಮ್ ಕೇಳಿದ್ದೆ ಬಾಳವ್ವಾ. ಚಲೋದು ಸಿಕ್ರ ಬದಲಿ ಮಾಡ್ತೀನಿ, ಇದೇನ ನಿಕಾಹನಾ ಅಂದ್ಲು' ಅಂದ. ಕಣ್ಣಾಗ ನೀರ ಯವ್ವಾ! ಒಂದ ಸಿಮ್ ಕಾರ್ಡಿಗೆ ಹಂಗ ಅಳತಾರೇನ? ಅಷ್ಟ್ಯಾಕ ಹಟಾ ಮಾಡ್ತಿ, ತಗೊಂಡಬಿಡಬಾರದ?"

ಇಸ್ತ್ರಿ ಮಾಡಿದ ಅಂಗಿ... ಅತ್ತರು... ಇಬ್ರಿಗೂ ಚಲೋ ಅಲ್ಲೇನ್ರಿ...

"ಯಾ ಅಲ್ಲಾ! ಆಂವಾ ಸಿಮ್ ಮಾರಾಕ ಬಂದಿರಲಿಲ್ಲ!"

"ಮತ್ತೇನ ಮಾರಾಕ ಬಂದಿದ್ದ?" ಬಾಳವ್ವ ಬಾಯಿ ತೆರೆದಳು.

ನಾಜಮೀನ ಫೋನ್ ಹಿಡಿದು ಅವನ ನಂಬರ್ ಒತ್ತಿದಳು. ರಿಂಗಾಯಿತು... ಕಟ್ ಆಯಿತು. ಮತ್ತೆ ಹಚ್ಚಿದಳು. ಮತ್ತೆ ಕಟ್! ಹೊಸ ನಂಬರ್. ಯಾರದೋ ಎಂದುಕೊಂಡು ಅವನು ಎತ್ತುತ್ತಿಲ್ಲ!

ಮಸಾಲಿ ಡಬ್ಬಿಯಲ್ಲಿ ಬಿದ್ದಿದ್ದ ಹಳೇ ಗರುಡ ಸಿಮ್ ತೆಗೆದಳು. ಅರಿಶಿನ ಒರೆಸಿದಳು. ಫೋನಿಗೆ ಹಾಕಿ, ಏಣಿ ಹತ್ತಿ, ಕೋಲುಗಳ ಕೆಳಗೆ ನುಸುಳಿ ಆ ಮೂಲೆಗೆ ಓಡಿದಳು.

ಒಂದೇ ರಿಂಗಿಗೆ ಎತ್ತಿದ.

"ಹಲೋ... ನಾಜಮೀನ ಅವ್ರ?" ಹಿಂದೆ ಬಸ್ಸಿನ ಗದ್ದಲ.

"ನನಗ ಲೈಫ್‌ಟೈಮ್ ಬೇಕು!"

"ಹಲೋ? ಕೇಳವಲ್ತ್ರಿ!"

"ಲೈಫ್‌ಟೈಮ್! ಲೈಫ್‌ಟೈಮ್ ಬೇಕು ನನಗ!" ಓಣಿಯೇ ತಲೆ ಎತ್ತಿ ನೋಡುವಂತೆ ಚೀರಿದಳು.

ಪಕ್ಕದ ಮಾಳಗಿಯಿಂದ ಮುದುಕ ಮೌಲಾಸಾಬ ಕೂಗಿದರು. "ಅಂಗಡ್ಯಾಗ ಸಿಗತೈತೆಲ್ಲ ಬೇಟಿ! ಯಾಕ ಒದರತಿ?"

ಫೋನಿನಲ್ಲಿ ಹೆದರಿದ, ಸಣ್ಣ ದನಿ. "ಯಾವ... ಯಾವ ಕಂಪನಿದ್ರಿ?"

"ಕಂಪನಿದಲ್ಲ! ನಿಮ್ಮ ಕೂಡ..."

ಟೊಂಯ್. ಕಟ್ಟಾಯಿತು. ಮತ್ತೆ ಹಚ್ಚಿದರೆ ರೇಂಜೇ ಇಲ್ಲ.

ಕೇಳಿಸಿತೋ, ಇಲ್ಲವೋ? ಗರುಡ ಈ ಸಲ ಯಾವ ಮಾತು ನುಂಗಿತೋ? ಅವಳು ಅಲ್ಲೇ ಕುಕ್ಕರಿಸಿ ಕೂತು ಅತ್ತುಬಿಟ್ಟಳು.

* * *

ಹೊತ್ತು ಇಳಿಯುವ ಮೊದಲೇ ಬಾಗಿಲಲ್ಲಿ ಬಳೆ ಸದ್ದಾಯಿತು. ದಿಲಾವರನ ತಾಯಿ ಮುಮತಾಜಬಿ! ಹಿಂದೆ ತಲೆ ತಗ್ಗಿಸಿದ ದಿಲಾವರ.

"ರೋಣದಾಗ ಬಸ್ ಇಳಿಸಿಬಿಟ್ಟ ನನ್ನ ಈ ಹುಚ್ಚ!" ಮುಮತಾಜಬಿ ಏದುಸಿರು ಬಿಡುತ್ತ ಕೂತರು. "ನರಗುಂದದವ್ರಿಗೆ ಫೋನಿನ್ಯಾಗ ಮಾಫಿ ಕೇಳಿ ಸಾಕಾತು. ಎಲ್ಲಿ, ಮಾಳಗಿ ಮ್ಯಾಲ ನಿಂತ ಒದರಿದ ಹುಡುಗಿ ಎಲ್ಲಿ? ಮುಖಾನಾದ್ರೂ ನೋಡ್ತೀನಿ."

"ಇನ್ನೂ ಮ್ಯಾಲ ಅದಾಳ್ರಿ," ಜಮಾಲಬಿ ನಗು ತಡೆಯುತ್ತ ಚಾಕ್ಕೆ ಎದ್ದರು. "ಹೋಗಪ್ಪಾ, ಕರಕೊಂಡ ಬಾ. ನಿನಗಂತೂ ದಾರಿ ಗೊತ್ತೈತೆಲ್ಲ."

ಅವನು ಹತ್ತಿ ಬಂದ. ಶಾವಿಗಿ ಕೋಲುಗಳ ಆಚೆ ಅವಳು, ಈಚೆ ಅವನು.

"ಎಷ್ಟ ಕೇಳಿಸ್ತು?" ನೆಲ ನೋಡುತ್ತ ಕೇಳಿದಳು.

"'ಕಂಪನಿದಲ್ಲ' ಅನ್ನೂತನಾ ಕೇಳಿಸ್ತ್ರಿ. ಅಷ್ಟಕ್ಕ ಇಳದ್ಬಿಟ್ಟೆ. ಮುಂದಿನದು ನುಂಗೇತಿ."

"ಮುಂದಿನದು ಕೇಳದ ಬಂದ್ರೇನು? 'ಕಂಪನಿದಲ್ಲ, ಬ್ಯಾಡ' ಅಂದಿದ್ರ?"

"ಇಲ್ಲೇ ನಿಂತ ಬೈಸ್ಕೋತಿದ್ದೆ. ನೀವು ಬೈಯೂದಕ್ಕ ರೇಂಜ್ ಚಲೋ ಐತ್ರಿ."

ಅಳುತ್ತಿದ್ದವಳು ನಕ್ಕಳು. "ನಿಮ್ಮ ಕೂಡ ಅಂದಿದ್ದೆ. ಜೀವನಪೂರ್ತಿ."

ಅವನು ನಡುವಿನ ಕೋಲೊಂದನ್ನು ಪಕ್ಕಕ್ಕೆ ಸರಿಸಿ ಕೇಳಿದ.

"ಇದಕ್ಕಿಂತ ಚಲೋದು ಸಿಕ್ರ?"

"ಬದಲಿ ಮಾಡೂದಿಲ್ಲ. ಇದು ನಿಕಾಹ ಐತಿ."

ಗಾಳಿಗೆ ಶಾವಿಗಿ ಎಳೆಗಳು ಅಲುಗಿದವು. ಅವನು ಕಣ್ಣೊರೆಸಿಕೊಂಡು ಅವಳ ಕೈಯಲ್ಲಿದ್ದ ಫೋನ್ ನೋಡಿದ.

"ಮತ್ತ ಯಾವ ಸಿಮ್ ಇಟ್ಕೋತೀರಿ? ಮಿಂಚು ಆದ್ರ ಅಡಗಿಮನ್ಯಾಗೂ ಮಾತಾಡಬಹುದು."

"ಗಿರಾಕಿಗೆ ಮಿಂಚು. ನಿಮಗ ಮಾತ್ರ ಗರುಡ."

"ಇಲ್ಲಿ ನಿಂತ ಮಾತಾಡಿದ್ರ ಓಣಿಗೆಲ್ಲಾ ಕೇಳತೈತಲ್ರಿ!"

ಅವಳು ಓಢಣಿ ಸರಿಮಾಡಿಕೊಂಡು ಪಕ್ಕದ ಮಾಳಗಿಯ ಕಡೆ ನೋಡಿದಳು. ಮೌಲಾಸಾಬರು ಕಿವಿ ಇತ್ತ ಕೊಟ್ಟು, ಕಣ್ಣು ಅತ್ತ ಇಟ್ಟು ನಿಂತಿದ್ದರು.

"ಕೇಳ್ಲಿ ಬಿಡ್ರಿ," ಎಂದಳು ನಾಜಮೀನ. "ಈಗ ಗುಟ್ಟೇನ ಉಳದೈತಿ?"