ಮುಖವಿಲ್ಲದ ಬಿಲ್ಲೆ

ಬಹಳ ಹಿಂದೆ, ನಿಮ್ಮ ಅಜ್ಜಿಯ ಅಜ್ಜಿ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ, ಮಿಂಚುಗಡ ಎಂಬ ಒಂದು ರಾಜ್ಯ ಇತ್ತು. ಎಲ್ಲಿತ್ತು ಅಂತ ಕೇಳಬೇಡಿ. ದಾರಿ ನನಗೊಬ್ಬನಿಗೇ ಗೊತ್ತು; ಹೇಳಿದರೆ ನೀವೆಲ್ಲ ಈಗಲೇ ಎದ್ದು ಹೊರಡುತ್ತೀರಿ, ಕತೆ ಕೇಳೋಕೆ ಯಾರೂ ಉಳಿಯುವುದಿಲ್ಲ.

ಆ ರಾಜ್ಯದಲ್ಲಿ ಒಂದು ಪದ್ಧತಿ. ಯಾರೇ ಒಂದು ಒಳ್ಳೆಯ ಕೆಲಸ ಮಾಡಲಿ, ರಾಜನು ಆ ಕೆಲಸದ ಚಿತ್ರ ಇರುವ ಬಿಲ್ಲೆ ಹೊಡೆಸುತ್ತಿದ್ದ. ದುಂಡನೆಯ ತಗಡಿನ ಬಿಲ್ಲೆ. ಮುಂದೆ ಬಣ್ಣದ ಚಿತ್ರ, ಬೆನ್ನಿಗೆ ಒಂದು ಪಿನ್ನು. ಕೆಲಸ ಮಾಡಿದವರಿಗೊಂದು, ನೋಡಲು ಬಂದವರಿಗೆ ಒಂದೊಂದು. ಬಾವಿ ತೋಡಿದರೆ ಬಾವಿಯ ಬಿಲ್ಲೆ, ದಾರಿ ತಪ್ಪಿದ ಎಮ್ಮೆ ಹುಡುಕಿ ಕೊಟ್ಟರೆ ಎಮ್ಮೆಯ ಬಿಲ್ಲೆ. ಜನ ಅದನ್ನು ಅಂಗಿಗೆ, ಸೆರಗಿಗೆ, ರುಮಾಲಿಗೆ ಚುಚ್ಚಿಕೊಂಡು ತಿರುಗುತ್ತಿದ್ದರು. ನನ್ನಂಥವನು ಅಲ್ಲಿ ಹುಟ್ಟಿದ್ದರೆ ಬಿಲ್ಲೆಗಳ ಭಾರಕ್ಕೆ ನೆಟ್ಟಗೆ ನಿಲ್ಲುವುದೇ ಕಷ್ಟವಾಗುತ್ತಿತ್ತು. ಅದಕ್ಕೇ ದೇವರು ನನ್ನನ್ನು ಇಲ್ಲಿ ಹುಟ್ಟಿಸಿದ.

ಅಲ್ಲಿ ಸಿಂಗಣ ಎಂಬ ಯುವಕನಿದ್ದ. ಹಳೆಯ ಬಿಲ್ಲೆ ಕೂಡಿಡುವುದೇ ಅವನ ಹುಚ್ಚು. ತಿಪ್ಪೆಯಲ್ಲಿ ಬಿದ್ದದ್ದು, ಸಂತೆಯಲ್ಲಿ ಕಳೆದದ್ದು, ಸತ್ತವರ ಪೆಟ್ಟಿಗೆಯ ತಳದಲ್ಲಿದ್ದದ್ದು ಎಲ್ಲ ತಂದು ತನ್ನ ನಿಲುವಂಗಿಯ ತುಂಬ ಚುಚ್ಚಿಕೊಂಡಿದ್ದ. ಅವನು ನಡೆದರೆ ಬೀದಿಗೆಲ್ಲ ಝಣಝಣ ಕೇಳುತ್ತಿತ್ತು. ಬರೀ ಕೂಡಿಡುವುದಲ್ಲ, ಪ್ರತಿ ಬಿಲ್ಲೆಯ ಹಿಂದಿನ ಕತೆಯನ್ನೂ ಮುದುಕರ ಕಾಲು ಒತ್ತಿ ಕೇಳಿ ತಿಳಿದಿದ್ದ. ಇನ್ನೊಂದು ಅಭ್ಯಾಸ: ಯಾವ ಬಿಲ್ಲೆ ಕೈಗೆ ಬಂದರೂ, ಯಾವ ಬಿಲ್ಲೆ ಕೈಬಿಟ್ಟರೂ, ಮೊದಲು ತಿರುಗಿಸಿ ಅದರ ಬೆನ್ನು ನೋಡುತ್ತಿದ್ದ. ಮುಖವನ್ನು ರಾಜನ ಚಿತ್ರಗಾರ ಬರೆಯುತ್ತಾನೆ, ಬೆನ್ನಿನಲ್ಲಿ ಮಾತ್ರ ಅದನ್ನು ಧರಿಸಿದವರ ಗುರುತು ಇರುತ್ತದೆ ಎಂದು ಹೇಳುತ್ತಿದ್ದ. ಬೆವರಿಗೆ ತುಕ್ಕು ಹಿಡಿದ ಪಿನ್ನು, ಅವಸರಕ್ಕೆ ಬಾಗಿದ ಪಿನ್ನು, ಹೀಗೆ.

ಆ ರಾಜ್ಯಕ್ಕೆ ಮರೆಮಲ್ಲ ಎಂಬ ಮಾಂತ್ರಿಕ ಬಂದ. ಅವನ ಹತ್ತಿರ ಒಂದು ಮಾಯಾವಸ್ತ್ರ ಇತ್ತು. ಅದರಿಂದ ಒರೆಸಿದ ಚಿತ್ರ ಅಳಿಸಿಹೋಗುತ್ತಿತ್ತು, ಚಿತ್ರದ ಜೊತೆಗೆ ನೆನಪೂ ಹೋಗುತ್ತಿತ್ತು. ಅವನು ರಾಜನೊಡನೆ ನಯವಾಗಿ ಮಾತಾಡಿ, ತೊಳೆದು ಹೊಳಪು ಕೊಟ್ಟು ತರುತ್ತೇನೆ ಎಂದು ನಂಬಿಸಿ, ರಾಜ್ಯದ ಬಿಲ್ಲೆಗಳನ್ನೆಲ್ಲ ಅರಮನೆಗೆ ತರಿಸಿದ. ಗುಡ್ಡದಂತೆ ಬಿದ್ದ ಬಿಲ್ಲೆಗಳ ಮೇಲೆ ವಸ್ತ್ರ ಹರಡಿ ಒಂದೇ ಸಲ ಎಳೆದ.

ಅಷ್ಟೇ. ಬಾವಿ ತೋಡಿದ್ದು ಯಾರು, ದೀಪ ಹಚ್ಚಿದ್ದು ಯಾರು, ಯಾರಿಗೂ ನೆನಪಿಲ್ಲ. ಎಂದಾದರೂ ಒಳ್ಳೆಯ ಕೆಲಸ ಮಾಡಿ ಬಿಲ್ಲೆ ಪಡೆದವರೆಲ್ಲ ನಿಂತ ನಿಲುವಿನಲ್ಲೇ ಪ್ರಾಣಿಗಳಾದರು. ರಾಜನೂ ತಾನು ರಾಜ ಎಂಬುದನ್ನೇ ಮರೆತು, ಅರಮನೆಯ ಹಿತ್ತಿಲಲ್ಲಿ ನವಿಲಾಗಿ ಕುಳಿತ. ಎಲ್ಲವನ್ನೂ ಮಾಡಿದ್ದು ತಾನೇ ಎಂದು ಮರೆಮಲ್ಲ ಡಂಗುರ ಹೊಡೆಸಿದ. ಒರೆಸಿದ ತಗಡನ್ನೆಲ್ಲ ಕರಗಿಸಿ ಒಂದು ಕಿರೀಟ ಎರಕ ಹೊಯ್ಯಿಸಿದ. ಎತ್ತಿನ ಗಾಡಿಯ ಗಾಲಿಯಷ್ಟು ದೊಡ್ಡ ಕಿರೀಟ, ಬೇಗ ತಣ್ಣಗಾಗುವುದು ಹೇಗೆ? ಅದು ತಣ್ಣಗಾಗಿ ಅವನ ತಲೆ ಏರಿತೋ, ಮರೆತವರು ಮರೆತೇಹೋದ ಹಾಗೆ, ಪ್ರಾಣಿಗಳು ಪ್ರಾಣಿಗಳಾಗಿಯೇ ಉಳಿದ ಹಾಗೆ.

ಸಿಂಗಣ ತನ್ನ ನಿಲುವಂಗಿಯನ್ನು ಕೊಟ್ಟಿರಲಿಲ್ಲ. ಅವನ ಎದೆಯ ಮೇಲೆ ಚಿತ್ರಗಳು ಉಳಿದಿದ್ದವು. ಹಾಗಾಗಿ ಅವನಿಗೊಬ್ಬನಿಗೆ ಎಲ್ಲರ ನೆನಪೂ ಉಳಿಯಿತು.

ಎಲ್ಲರದ್ದು ಎಂದೆನೇ? ಇಲ್ಲ, ಒಬ್ಬರದ್ದು ಉಳಿಯಲಿಲ್ಲ.

ಆ ದಿನ ಬೆಳಿಗ್ಗೆ ಅವನು ಎದ್ದು ನೋಡಿದರೆ ಅಡುಗೆಮನೆಯಲ್ಲಿ ಎರಡು ತಟ್ಟೆ. ಎರಡು ಲೋಟ. ಮಡಿಸಿಟ್ಟ ಎರಡು ಚಾಪೆ. ಎರಡನೆಯದು ಯಾರದ್ದು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಪಕ್ಕದ ಮನೆಯವರನ್ನು ಕೇಳಿದರೆ, ನೀನು ಮೊದಲಿನಿಂದಲೂ ಒಬ್ಬನೇ, ತಾನಾಗಿ ಬೆಳೆದವನು ಎಂದರು. ತಾನಾಗಿ ಬೆಳೆಯೋಕೆ ಅವನೇನು ಕುಂಬಳಬಳ್ಳಿಯೇ? ಅಂಗಳದಲ್ಲಿ ಒಂದು ಬೂದು ಬಣ್ಣದ ಹೆಣ್ಣುಕತ್ತೆ ಮಾತ್ರ ನಿಂತಿತ್ತು. ಅದು ಯಾರದ್ದು ಎಂದೂ ಯಾರಿಗೂ ಗೊತ್ತಿಲ್ಲ.

ನಿಲುವಂಗಿಯ ಒಳಜೇಬಿನಲ್ಲಿ ಒಂದು ಬಿಲ್ಲೆ ಸಿಕ್ಕಿತು. ಅದರ ಚಿತ್ರ ಎಂದೋ ಸವೆದು ಬರೀ ತಗಡು ಉಳಿದಿತ್ತು. ಎಲ್ಲ ಬಿಲ್ಲೆಗಳ ಕತೆ ಗೊತ್ತಿದ್ದ ಸಿಂಗಣನಿಗೆ ಇದೊಂದರ ಕತೆ ಗೊತ್ತಿರಲಿಲ್ಲ. ಆ ಗಲಿಬಿಲಿಯಲ್ಲಿ, ಎಂದೂ ಇಲ್ಲದ ಹಾಗೆ, ಬೆನ್ನು ನೋಡದೆಯೇ ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಎರಡನೆಯ ತಟ್ಟೆ ಯಾರದ್ದೆಂದು ತಿಳಿಯದೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಎಂದುಕೊಂಡು ಅವನು ಅರಮನೆಯ ಕಡೆ ಹೊರಟ. ಕತ್ತೆ ಕರೆಯದೆಯೇ ಹಿಂದೆ ಬಂತು. ಹೊರಡುವಾಗ ಅವನ ಮಡಚಿಹೋದ ಕೊರಳಪಟ್ಟಿಯನ್ನು ಹಲ್ಲಿನಿಂದ ಹಿಡಿದು ಸರಿಮಾಡಿತು. ವಿಚಿತ್ರ ಕತ್ತೆ ಎಂದುಕೊಂಡ ಸಿಂಗಣ.

ಹೋಗುತ್ತ ಹೋಗುತ್ತ ಒಂದು ಹೊಳೆ ಬಂತು. ಹೊಳೆಗೆ ಸೇತುವೆ, ಸೇತುವೆಯ ಮೇಲೆ ಅಡ್ಡಲಾಗಿ ಒಂದು ಮೊಸಳೆ. ಎಷ್ಟು ದೊಡ್ಡದು? ನಾನು ಹಿಡಿದ ಮೊಸಳೆಗಿಂತ ಸ್ವಲ್ಪ ಚಿಕ್ಕದು, ಅಷ್ಟೇ. ಬಂದವರನ್ನೆಲ್ಲ ಅದು, ಈ ಸೇತುವೆ ಕಟ್ಟಿದ್ದು ಯಾರು ಎಂದು ಕೇಳುತ್ತಿತ್ತು. ಮರೆಮಲ್ಲ ಮಹಾರಾಜರು ಎಂದವರನ್ನು ಬಾಲದಿಂದ ಬೀಸಿ ದಡಕ್ಕೆ ಎಸೆಯುತ್ತಿತ್ತು.

ಸಿಂಗಣ ಎದೆಯ ಮೇಲಿನ ಸೇತುವೆ ಬಿಲ್ಲೆ ಮುಟ್ಟಿ ಹೇಳಿದ: "ಕಟ್ಟಿದ್ದು ಹಂಪಣ್ಣ. ರಾಜನ ಆನೆ ಹೊಸ ಸೇತುವೆ ಹತ್ತಲು ಹೆದರಿತು. ಆಗ ಹಂಪಣ್ಣ ಸೇತುವೆಯ ಕೆಳಗೆ ಹೋಗಿ ಮಲಗಿ ಗೊರಕೆ ಹೊಡೆದ. ಕಟ್ಟಿದವನೇ ಅಡಿಯಲ್ಲಿ ನಿದ್ದೆ ಮಾಡುವಾಗ ತನಗೇನು ಭಯ ಅಂತ ಆನೆ ದಾಟಿತು. ಬಿಲ್ಲೆಯಲ್ಲಿ ಸೇತುವೆಯ ಕೆಳಗೆ ಒಂದು ಗೀಟು ಇದೆ ನೋಡು. ಎಲ್ಲರೂ ಮೀನು ಅಂತಾರೆ. ಅದು ಹಂಪಣ್ಣನ ಕಾಲು."

ಮೊಸಳೆ ಅತ್ತಿತು. ನಗಬೇಡಿ, ಇದು ನಿಜವಾದ ಕಣ್ಣೀರು. ಆ ಬಿಲ್ಲೆ ಸಿಂಗಣನ ಅಚ್ಚುಮೆಚ್ಚಿನದು, ರಾಜ್ಯದಲ್ಲಿ ಉಳಿದ ಕೊನೆಯದು. ಒಂದು ಗಳಿಗೆ ಬೆರಳು ಬಿಡಲಿಲ್ಲ. ಆಮೇಲೆ ಅದನ್ನು ತಿರುಗಿಸಿ ಬೆನ್ನು ನೋಡಿ, ಬಿಚ್ಚಿ, "ಅಣ್ಣಾ, ನಿನ್ನಿಂದ ನಾವೆಲ್ಲ ಕಾಲು ನೆನೆಯದೆ ಹೊಳೆ ದಾಟಿದೆವು, ನಿನಗೆ ಶರಣು" ಎಂದ. ಮೊಸಳೆಗೆ ಬಿಲ್ಲೆ ಚುಚ್ಚುವುದು ಎಲ್ಲಿಗೆ ಅಂತ ನನ್ನನ್ನು ಕೇಳಿ! ಅದರ ಹಲ್ಲಿನ ಸಂದಿಯಲ್ಲಿ ಹಳೆಯ ರುಮಾಲಿನ ಚೂರು ಸಿಕ್ಕಿಕೊಂಡಿತ್ತು, ಅದಕ್ಕೆ ಚುಚ್ಚಿದ. ಚುಚ್ಚಿದ್ದೇ ತಡ, ಮೊಸಳೆ ಹೋಗಿ ಹಂಪಣ್ಣ ನಿಂತಿದ್ದ. ನಿಂತವನು ಮೊದಲು ಮಾಡಿದ ಕೆಲಸ ಆಕಳಿಸಿದ್ದು.

ಹೋಗುತ್ತ ಹೋಗುತ್ತ ಒಂದು ಬೆಟ್ಟದ ಕಣಿವೆ ಬಂತು. ದಾರಿಯ ನಡುವೆ ಹೆಣ್ಣುಕರಡಿ. ಈ ಏರಿನಲ್ಲಿ ದಣಿದವರ ಗಂಟಲು ತಣಿಸಿದ್ದು ಯಾರು ಎಂದು ಅದರ ಪ್ರಶ್ನೆ. ಮರೆಮಲ್ಲ ಮಹಾರಾಜರು ಎಂದವರನ್ನು ಚೆಂಡಿನಂತೆ ಕೆಳಗೆ ಉರುಳಿಸುತ್ತಿತ್ತು.

ಸಿಂಗಣ ಮಡಕೆ ಚಿತ್ರದ ಬಿಲ್ಲೆ ಮುಟ್ಟಿ ಹೇಳಿದ: "ಅರವಟ್ಟಿಗೆಯ ಹೂವಜ್ಜಿ. ಎರಡು ಸೈನ್ಯ ಇಲ್ಲಿ ಯುದ್ಧಕ್ಕೆ ಬಂದವು. ಬಿಸಿಲೋ ಬಿಸಿಲು. ಹೂವಜ್ಜಿ ಶುಂಠಿ, ಕರಿಬೇವು ಹಾಕಿದ ಮಜ್ಜಿಗೆ ಕೊಟ್ಟಳು. ಆ ಕಡೆಯವರೂ ಕುಡಿದರು, ಈ ಕಡೆಯವರೂ ಕುಡಿದರು, ಎಲ್ಲರೂ ಒಂದೇ ಮರದ ನೆರಳಲ್ಲಿ ಮಲಗಿಬಿಟ್ಟರು. ರಾಜ ಬಂದು ಎಲ್ಲರಿಗೂ ಈ ಬಿಲ್ಲೆ ಚುಚ್ಚಿದ. ಎದ್ದು ನೋಡಿದರೆ ಎಲ್ಲರ ಎದೆಯಲ್ಲೂ ಒಂದೇ ಮಡಕೆ. ಯಾರು ವೈರಿ, ಯಾರು ನಮ್ಮವ, ಗೊತ್ತಾಗದೆ ಊರಿಗೆ ಹೋದರು."

"ಇಂಗು ಹೇಳುವುದು ಮರೆತೆಯಲ್ಲ" ಎಂದಿತು ಕರಡಿ.

ಸಿಂಗಣ ಆ ಬಿಲ್ಲೆಯನ್ನೂ ತಿರುಗಿಸಿ ನೋಡಿ, ಬಿಚ್ಚಿ, "ಅಜ್ಜೀ, ಆವತ್ತು ಮನೆಗೆ ಹಿಂತಿರುಗಿದವರ ಮಕ್ಕಳು, ಮೊಮ್ಮಕ್ಕಳು ನಾವು, ನಿಮಗೆ ಶರಣು" ಎಂದು ಕರಡಿಯ ಕೂದಲಿಗೆ ಚುಚ್ಚಿದ. ಕರಡಿ ಹೋಗಿ ಹೂವಜ್ಜಿ ನಿಂತಿದ್ದಳು; ನಿಂತವಳೇ ಮಡಕೆ ಹುಡುಕಲು ಹೋದಳು. ಆಮೇಲೆ ಮಜ್ಜಿಗೆ ಕುಡಿದು, ಬುತ್ತಿ ಬಿಚ್ಚಿ, ಸಿಂಗಣ ಕತ್ತೆಗೊಂದು ರೊಟ್ಟಿ ಹಾಕಿದ. ಕತ್ತೆ ಅರ್ಧ ತಿಂದು ಉಳಿದರ್ಧವನ್ನು ಮೂತಿಯಿಂದ ಅವನ ಕಡೆಗೇ ತಳ್ಳಿತು. ದಾರಿಯುದ್ದಕ್ಕೂ ಅದು ಹೀಗೇ ಮಾಡುತ್ತಿತ್ತು.

ಹೋಗುತ್ತ ಹೋಗುತ್ತ ಅರಮನೆ ಬಂತು. ಸಿಂಹಾಸನದ ಮೇಲೆ ಮರೆಮಲ್ಲ, ಪಕ್ಕದಲ್ಲಿ ಇನ್ನೂ ಬೆಚ್ಚಗಿದ್ದ ಕಿರೀಟ, ಹೆಗಲ ಮೇಲೆ ಮಾಯಾವಸ್ತ್ರ. ಇವನು ಕತ್ತಿ ಹಿರಿಯುತ್ತಾನೆ, ಗುಡುಗುತ್ತಾನೆ ಎಂದುಕೊಂಡಿದ್ದ ಸಿಂಗಣ. ಮರೆಮಲ್ಲ ಹಾಗೇನೂ ಮಾಡದೆ ನಕ್ಕು ಅಂಗೈ ಬಿಚ್ಚಿದ. ಅಂಗೈಯಲ್ಲಿ, ಒರೆಸದೆ ಎತ್ತಿಟ್ಟುಕೊಂಡಿದ್ದ, ಎರಡು ಸೊಂಡಿಲ ಆನೆಯ ಬಿಲ್ಲೆ ಇತ್ತು.

ಅದರ ಬಗ್ಗೆ ಹೇಳಬೇಕು. ರಾಜನ ಚಿತ್ರಗಾರ ಒಮ್ಮೆ ಮದುವೆಯೂಟ ಜಾಸ್ತಿಯಾಗಿ, ತೂಕಡಿಸುತ್ತ, ಆನೆಗೆ ಎರಡು ಸೊಂಡಿಲು ಬರೆದುಬಿಟ್ಟ. ಆ ಬಿಲ್ಲೆ ಪ್ರಪಂಚಕ್ಕೆಲ್ಲ ಒಂದೇ ಒಂದು. ಬಿಲ್ಲೆ ಕೂಡಿಡುವವರು ಅದರ ಹೆಸರು ಹೇಳುವಾಗಲೇ ಬಾಯಿ ಒರೆಸಿಕೊಳ್ಳುತ್ತಿದ್ದರು. ಸಿಂಗಣ ತನ್ನ ಆನೆಗಳ ಸಾಲಿನಲ್ಲಿ ಅದೊಂದಕ್ಕೇ ಜಾಗ ಖಾಲಿ ಬಿಟ್ಟಿದ್ದ.

"ನಿನ್ನ ಒಳಜೇಬಿನಲ್ಲಿ ಒಂದು ಸವೆದ ತಗಡು ಇದೆಯಲ್ಲ," ಎಂದ ಮರೆಮಲ್ಲ, "ಮುಖವಿಲ್ಲ, ಕತೆಯಿಲ್ಲ. ಅದನ್ನು ಕೊಡು, ಇದನ್ನು ತಗೋ. ನಿನ್ನ ಸಾಲು ತುಂಬುತ್ತದೆ."

ಸಿಂಗಣನ ಕೈ ತಾನಾಗಿ ಜೇಬಿಗೆ ಹೋಯಿತು. ಬಯ್ಯಬೇಡಿ ಅವನನ್ನು. ಎಂಥೆಂಥವರ ಕೈ ಹೋಗುತ್ತದೆ. ನನ್ನದಾದರೆ ಎರಡೂ ಕೈ ಹೋಗುತ್ತಿದ್ದವು. ಮುಖವಿಲ್ಲದ ಬಿಲ್ಲೆ ಹೊರಗೆ ಬಂತು. ಕೊಡುವ ಮೊದಲು, ಅಭ್ಯಾಸಬಲ, ಅದನ್ನು ತಿರುಗಿಸಿ ನೋಡಿದ.

ಪಿನ್ನಿನ ಮೊನೆಗೆ ದಾರ ಸುತ್ತಿತ್ತು. ಸೀರೆಯ ಅಂಚಿನಿಂದ ಎಳೆದ ಕೆಂಪು ದಾರ, ಒತ್ತೊತ್ತಾಗಿ, ಮೊನೆ ಎಲ್ಲೂ ಚುಚ್ಚದ ಹಾಗೆ. ಬಿಲ್ಲೆಯ ಅಂಚಿನಲ್ಲಿ ಸಣ್ಣ ಸಣ್ಣ ತಗ್ಗುಗಳು. ಸಿಂಗಣ ಯೋಚಿಸಿದ. ಪಿನ್ನಿಗೆ ದಾರ ಸುತ್ತುವವರು ಯಾರು? ಎದೆಗೆ ಕೂಸನ್ನು ಒತ್ತಿಕೊಂಡು ತಿರುಗುವವರು. ಈ ತಗ್ಗುಗಳು ಏನು? ಹಲ್ಲು ಬರುವ ಕೂಸು ಕಚ್ಚಿದ್ದು. ಹಾಗಾದರೆ ಈ ಚಿತ್ರ ಸವೆದದ್ದಲ್ಲ, ಯಾವುದೋ ಕೂಸು ಚೀಪಿ ಚೀಪಿ ತಿಂದದ್ದು.

ತುಂಬಿದ ಸಭೆಯಲ್ಲಿ ಸಿಂಗಣ ಆ ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡ.

ತಲೆಗೆ ಮರೆತದ್ದು ನಾಲಿಗೆಗೆ ಮರೆತಿರಲಿಲ್ಲ. ಹರಳೆಣ್ಣೆಯ ವಾಸನೆ ಬಂತು, ರಾಗಿಹಿಟ್ಟಿನ ಕೈ ಬಂತು, ಬೆನ್ನು ತಟ್ಟುವ ಲಯ ಬಂತು. ಕೊರಳಪಟ್ಟಿ ಸರಿಮಾಡುವ ಕೈ, ತನ್ನ ತಟ್ಟೆಯ ಅರ್ಧ ರೊಟ್ಟಿಯನ್ನು, ನನಗೆ ಸಾಕಾಯಿತು ಎಂದು ಸುಳ್ಳು ಹೇಳಿ ಇತ್ತ ತಳ್ಳುವ ಕೈ. ಅವನು ತಿರುಗಿ ನೋಡಿದ. ಕತ್ತೆ ಅರಮನೆಯ ರತ್ನಗಂಬಳಿ ಮೇಯುತ್ತ ನಿಂತಿತ್ತು.

"ಕೊಡೋ ಅದನ್ನ" ಎಂದು ಮರೆಮಲ್ಲ ಎದ್ದ. ಅವನ ಧ್ವನಿಯಲ್ಲಿ ಮೊದಲ ಸಲ ಹೆದರಿಕೆ ಇತ್ತು. ಯಾಕೆಂದರೆ ಅವನ ವಸ್ತ್ರ ಒರೆಸುವುದು ಚಿತ್ರವನ್ನು ಮಾತ್ರ. ಚಿತ್ರವೇ ಇಲ್ಲದ ಬಿಲ್ಲೆಯಲ್ಲಿ ಒರೆಸುವುದೇನನ್ನು?

ಸಿಂಗಣ ಓಡಿ ಕತ್ತೆಯ ಪಕ್ಕ ಮಂಡಿಯೂರಿದ. ಪಿನ್ನಿಗೆ ಸುತ್ತಿದ್ದ ದಾರವನ್ನು ಸುರುಳಿ ಸುರುಳಿಯಾಗಿ ಬಿಚ್ಚಿದ. ಮರೆಮಲ್ಲ ಹಾರಿಬಂದು ಬಿಲ್ಲೆಯ ಮೇಲೆ ವಸ್ತ್ರ ಒತ್ತಿ ತಿಕ್ಕಿದ, ಬಲವಾಗಿ ತಿಕ್ಕಿದ. ಅಳಿಸಲು ಏನೂ ಇರಲಿಲ್ಲ. ಆದರೆ ದಾರ ಬಿಚ್ಚಿದ ಪಿನ್ನಿನ ಮೊನೆ ಇತ್ತು. ಮೊನೆಗೆ ವಸ್ತ್ರದ ಒಂದು ಎಳೆ ಸಿಕ್ಕಿತು. ಮರೆಮಲ್ಲ ಗಾಬರಿಯಿಂದ ಎಳೆದ. ಎಳೆದಷ್ಟೂ ನೂಲು ಬಿಚ್ಚಿತು, ಬಿಚ್ಚಿದಷ್ಟೂ ಎಳೆದ. ಕೊನೆಗೆ ಅವನ ಕೈಯಲ್ಲಿ ಏನೂ ಉಳಿಯಲಿಲ್ಲ, ಕಾಲ ಬಳಿ ಮೊಣಕಾಲೆತ್ತರ ನೂಲಿನ ರಾಶಿ.

ಕಿರೀಟ ಠಣ್ ಎಂದು ಒಡೆದು ಬಿಲ್ಲೆಗಳಾಗಿ ನೆಲಕ್ಕೆ ಸುರಿಯಿತು. ಪ್ರತಿ ಬಿಲ್ಲೆಯ ಮೇಲೂ ಅದರ ಚಿತ್ರ ಮರಳಿತ್ತು. ಹಿತ್ತಿಲಿನ ನವಿಲು ರಾಜನಾಗಿ ಒಳಗೆ ಬಂದು, ನನ್ನ ಸಿಂಹಾಸನದ ಮೇಲೆ ಕೂತಿದ್ದವನು ಯಾವನಯ್ಯಾ ಎಂದು ಕೇಳಿದ. ಮರಳಲು ಚಿತ್ರವೇ ಇಲ್ಲದ ಬಿಲ್ಲೆಯ ಕತ್ತೆ ಮಾತ್ರ ಕತ್ತೆಯಾಗಿಯೇ ಇತ್ತು.

ಸಿಂಗಣ ಇದಾವುದನ್ನೂ ನೋಡಲಿಲ್ಲ. ಅವನು ಬಿಲ್ಲೆಯನ್ನು ಕತ್ತೆಯ ಕೊರಳ ಹಗ್ಗಕ್ಕೆ ಚುಚ್ಚುತ್ತಿದ್ದ. ಹಂಪಣ್ಣನಿಗೆ, ಹೂವಜ್ಜಿಗೆ ಅಷ್ಟು ಚೆಂದವಾಗಿ ಹೇಳಿದವನಿಗೆ ಇಲ್ಲಿ ಬಂದದ್ದು ಮೂರೇ ಪದ. "ನೀನು ಅರ್ಧ ರೊಟ್ಟಿ..." ಎಂದ.

ಅಷ್ಟು ಸಾಕಾಯಿತು. ಕತ್ತೆ ಹೋಗಿ ಅವನ ಸೋದರತ್ತೆ, ತುಂಗತ್ತೆ, ನಿಂತಿದ್ದಳು. ತಾಯಿ ತಂದೆ ಇಲ್ಲದ ಕೂಸನ್ನು ಎದೆಗೆ ಹಾಕಿಕೊಂಡು ಬೆಳೆಸಿದವಳು.

"ಕಂಡ ಕಂಡ ತಗಡನ್ನು ಬಾಯಿಗೆ ಹಾಕಬೇಡ ಅಂತ ಆಗಲೂ ಹೇಳಿದ್ದೆ," ಎಂದಳು ತುಂಗತ್ತೆ. "ಈಗಲೂ ಕೇಳಲ್ಲ."

ಎರಡು ಸೊಂಡಿಲ ಆನೆಯ ಬಿಲ್ಲೆ ನೂಲಿನ ರಾಶಿಯೊಳಗೆ ಎಲ್ಲೋ ಬಿತ್ತು. ಸಿಂಗಣ ಹುಡುಕಲೂ ಇಲ್ಲ. ಮಾಂತ್ರಿಕನನ್ನು ಏನು ಮಾಡುವುದೆಂದು ರಾಜ ತುಂಗತ್ತೆಯನ್ನೇ ಕೇಳಿದ. ಅವಳು ಆ ನೂಲನ್ನು ಮರೆಮಲ್ಲನ ಮಡಿಲಿಗೆ ತುಂಬಿ, ರಾಜ್ಯದಲ್ಲಿ ಕೂಸು ಇರುವ ಎಲ್ಲ ತಾಯಂದಿರ ಪಿನ್ನುಗಳಿಗೆ ಸುತ್ತಿಕೊಡು ಎಂದಳು. ಅವನು ಸುತ್ತುತ್ತಲೇ ಇದ್ದ. ಪ್ರತಿಯೊಬ್ಬ ತಾಯಿಯೂ ಅವನಿಗೆ, ಉಪಕಾರವಾಯಿತಪ್ಪಾ ಎನ್ನುತ್ತಿದ್ದಳು. ಮೊದಮೊದಲು ಮುಖ ಸಿಂಡರಿಸುತ್ತಿದ್ದ. ಬರಬರುತ್ತ ಆ ಮಾತಿಗಾಗಿಯೇ ಕಾಯತೊಡಗಿದ. ಅವನ ನಿಜವಾದ ಹೆಸರು ಎಲ್ಲರಿಗೂ ಮರೆತುಹೋಗಿದೆ. ಮರೆಮಲ್ಲ ಅಂತ ಇಟ್ಟದ್ದು ನಾನೇ, ಚೆನ್ನಾಗಿದೆ ಅಲ್ಲವೇ?

ಸಿಂಗಣ ತನ್ನ ನಿಲುವಂಗಿಯ ಬಿಲ್ಲೆಗಳನ್ನು ಒಂದೊಂದಾಗಿ ಅವರವರಿಗೆ, ಅವರಿಲ್ಲದಿದ್ದರೆ ಅವರ ಮಕ್ಕಳಿಗೆ, ಕತೆ ಹೇಳಿ ಹಿಂದಿರುಗಿಸಿದ. ಅಂಗಿ ಬರಿದಾಯಿತು, ನಡೆದರೆ ಸದ್ದಿಲ್ಲ. ಆದರೆ ಅವನು ಹೋದ ಬೀದಿಯಲ್ಲೆಲ್ಲ ಜನ ಬಾಗಿಲಿಗೆ ಬಂದು, ಊಟ ಮಾಡಿಕೊಂಡು ಹೋಗು ಎನ್ನುತ್ತಿದ್ದರು.

ಅವನು ಮಾತ್ರ ಮನೆಗೇ ಹೋಗುತ್ತಿದ್ದ. ಎರಡು ತಟ್ಟೆ, ಎರಡು ಲೋಟ. ಒಂದು ದಿನ ಊಟಕ್ಕೆ ಕೂತಾಗ ಅವನು ಕೇಳಿದ: "ಅತ್ತೇ, ಆ ಬಿಲ್ಲೆಯ ಮೇಲೆ ಏನು ಚಿತ್ರ ಇತ್ತು? ರಾಜ ನಿನಗೆ ಅದನ್ನು ಯಾಕೆ ಕೊಟ್ಟಿದ್ದ?"

ತುಂಗತ್ತೆ ಮುಖವಿಲ್ಲದ ಬಿಲ್ಲೆಯ ಪಿನ್ನಿಗೆ ಮತ್ತೆ ಕೆಂಪು ದಾರ ಸುತ್ತುತ್ತಿದ್ದಳು.

"ಯಾರಿಗೆ ನೆನಪಿದೆ?" ಎಂದಳು. "ನೀನು ತಿಂದುಬಿಟ್ಟೆಯಲ್ಲ."

"ಮತ್ತೆ ದಾರ ಯಾಕೆ ಸುತ್ತುತ್ತೀ? ನಾನೇನು ಕೂಸೇ?"

"ಸುಮ್ಮನೆ ಉಣ್ಣು" ಎಂದು ತುಂಗತ್ತೆ ಅರ್ಧ ರೊಟ್ಟಿಯನ್ನು ಅವನ ತಟ್ಟೆಗೆ ತಳ್ಳಿದಳು. ಸಿಂಗಣ ಅದರಲ್ಲಿ ಅರ್ಧ ಮುರಿದು ಹಿಂದಕ್ಕೆ ತಳ್ಳಿದ. ಹೀಗೆ ತಳ್ಳುತ್ತ ತಳ್ಳುತ್ತ ಅವರು ಬಹುಕಾಲ ಉಂಡರು, ಮಿಂಚುಗಡವೆಲ್ಲ ಉಂಡಿತು. ಆ ರೊಟ್ಟಿಯ ಕೊನೆಯ ಚೂರು ನನ್ನ ತಟ್ಟೆಗೂ ಬಂದಿತ್ತು. ಅದರ ಋಣಕ್ಕೆ ಈ ಕತೆ.