ಮೂರು ವರ್ಷದ ಬಾಟಲಿ

ಯಂತ್ರದೊಳಗೆ ಇಪ್ಪತ್ತು ವರ್ಷಗಳು ಕಳೆಯುತ್ತಿದ್ದವು; ಪಕ್ಕದ ಒಲೆಯ ಮೇಲೆ ಪಂದಿಕರಿ ಇನ್ನೂ ಬೆಂದಿರಲಿಲ್ಲ.

ಪ್ರೆಷರ್ ಕುಕ್ಕರಿನಷ್ಟು ದೊಡ್ಡದಾದ ಆ ಹದಯಂತ್ರವನ್ನು ದೇಚಮ್ಮ ಹೆತ್ತವಳ ಕಣ್ಣಿನಿಂದ ನೋಡುತ್ತಿದ್ದಳು. ರಸಾಯನ ವಿಜ್ಞಾನಿಯಾಗಿ ಅರ್ಧ ಆಯುಷ್ಯವನ್ನು ಅದಕ್ಕೇ ಸುರಿದಿದ್ದಳು. ವಿಸ್ಕಿ ಹದವಾಗುವುದು ಓಕ್ ಮರದ ಪೀಪಾಯಿಯಲ್ಲಿ. ಸೆಖೆಗೆ ಮರ ಮದ್ಯವನ್ನು ಹೀರುತ್ತದೆ, ಚಳಿಗೆ ಹೊರಬಿಡುತ್ತದೆ. ವರ್ಷಗಟ್ಟಲೆ ಹೀಗೆ ನಡೆದು ಬಣ್ಣ, ಪರಿಮಳ ಕೂಡುತ್ತವೆ. ಹದಯಂತ್ರ ಕಿವಿಗೆ ಕೇಳಿಸದ ಶಬ್ದದ ಅಲೆಗಳಿಂದ ಮದ್ಯವನ್ನು ಓಕ್ ಚಕ್ಕೆಗಳ ರಂಧ್ರಗಳಿಗೆ ನುಗ್ಗಿಸಿ, ಕ್ಷಣಕ್ಷಣಕ್ಕೂ ಕಾಯಿಸಿ ತಣಿಸಿ, ಅದೇ ಕೆಲಸವನ್ನು ಒಂದು ಅಡುಗೆಯ ಹೊತ್ತಿನಲ್ಲಿ ಮುಗಿಸುತ್ತಿತ್ತು. ಈಗ ಅದು ಮನೆಮನೆಯಲ್ಲೂ ಇತ್ತು. ಬೆಳಗ್ಗೆ ಹಾಕಿದ ಉಪ್ಪಿನಕಾಯಿ ಮಧ್ಯಾಹ್ನದ ಊಟಕ್ಕೆ ಸಿದ್ಧ. ಕಾಯುವುದೆಂದರೇನೆಂದು ಮಡಿಕೇರಿಯ ಜನಕ್ಕೆ ಮರೆತೇಹೋಗಿತ್ತು.

ಸಂಜೆಯ ಅತಿಥಿಗಳು ಇಬ್ಬರೇ. ದನದ ಡಾಕ್ಟರಾಗಿ ನಿವೃತ್ತನಾದ ಕುಟ್ಟಪ್ಪ, ಮತ್ತು ಮಂಗಳೂರಿನಿಂದ ಪಿಟೀಲು ಕಲಿಸಲು ಬಂದು ಇಲ್ಲಿಯೇ ಬೇರುಬಿಟ್ಟ ಫೆಲಿಕ್ಸ್. ಯಂತ್ರಕ್ಕೆ ಹಾಕಿದ ವಿಸ್ಕಿಯ ಬಾಟಲಿ ಕುಟ್ಟಪ್ಪನದು. ಮೊಮ್ಮಗಳು ನೀಲಮ್ಮ ಹುಟ್ಟಿದ ವರ್ಷ ಸ್ಕಾಟ್ಲೆಂಡಿನಲ್ಲಿ ಬಟ್ಟಿ ಇಳಿಸಿದ ಸಿಂಗಲ್ ಮಾಲ್ಟ್. ಸ್ಕಾಚ್ ಎನಿಸಿಕೊಳ್ಳಲು ಮೂರು ವರ್ಷವಾದರೂ ಪೀಪಾಯಿಯಲ್ಲಿ ಇರಬೇಕು. ಅಷ್ಟು ಮುಗಿದದ್ದೇ ತಡ, ತರಿಸಿಕೊಂಡಿದ್ದ. ಅದು ಅವಳ ಮದುವೆಯ ದಿನ ತೆರೆಯಬೇಕಾದ ಬಾಟಲಿ. ಆದರೆ ವೈದ್ಯರು ಅವನ ಹೃದಯದ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಮದುವೆಯನ್ನು ನೋಡುವ ಭಾಗ್ಯವಿಲ್ಲ, ಆ ದಿನದ ವಿಸ್ಕಿಯ ರುಚಿಯನ್ನಾದರೂ ಈಗಲೇ ಒಂದು ಗುಟುಕು ನೋಡಿಬಿಡೋಣವೆಂದು ಸ್ವಲ್ಪವನ್ನು ಯಂತ್ರಕ್ಕೆ ಹಾಕಿಸಿದ್ದ. ಉಳಿದದ್ದು ಬೀರುವಿನಲ್ಲಿ ತನ್ನಷ್ಟಕ್ಕೆ ಹಣ್ಣಾಗುತ್ತಿರಲಿ ಎಂದ.

ಆ ಮಾತು ಕೇಳಿದ್ದೇ ದೇಚಮ್ಮನಿಗೆ ಅವನ ತಪ್ಪು ಹೊಳೆಯಿತು. ಜಾಡಿಯ ಉಪ್ಪಿನಕಾಯಿಯ ಲೆಕ್ಕವನ್ನೇ ಈ ಪುಣ್ಯಾತ್ಮ ವಿಸ್ಕಿಗೂ ಹಾಕಿದ್ದ. ಹೇಳದಿದ್ದರೆ ಅವನು ನೆಮ್ಮದಿಯಿಂದ ಇರುತ್ತಾನೆ. ಮಗುವಿಗೆ ಮಾತ್ರ ಅಜ್ಜ ಅಂದುಕೊಂಡದ್ದು ಸಿಗುವುದಿಲ್ಲ.

ಯಂತ್ರದಲ್ಲಿ ಹದವಾದದ್ದು, ಬಾಟಲಿಯ ಎಳೆಯದು, ಎರಡನ್ನೂ ಲೋಟಗಳಿಗೆ ಬಗ್ಗಿಸಿದ್ದಾಯಿತು. ಕೊಡವರ ವಾಡಿಕೆಯಂತೆ ಮೂವರೂ ಬೆರಳದ್ದಿ, ಗತಿಸಿದ ಹಿರಿಯರಿಗೆಂದು ನಾಲ್ಕು ಹನಿ ಚಿಮುಕಿಸಿದರು. ಫೆಲಿಕ್ಸನಿಗೂ ಅದು ರೂಢಿಯಾಗಿಹೋಗಿತ್ತು. ಹದವಾದದ್ದು ಜೇನಿನಂತೆ ಇಳಿಯಿತು, ಯಾರೂ ಕೊಂಕು ತೆಗೆಯುವಂತಿರಲಿಲ್ಲ. ಎಳೆಯದಕ್ಕೆ ಹಸಿರು ಸೇಬಿನ ವಾಸನೆ, ನೆನೆದ ಧಾನ್ಯದ ಸಿಹಿ, ಕೊನೆಗೆ ಗಂಟಲಲ್ಲಿ ಚುರುಕು.

"ಕುಟ್ಟಪ್ಪ," ದೇಚಮ್ಮ ಕೊನೆಗೂ ಬಾಯಿಬಿಟ್ಟಳು, "ಬಾಟಲಿಯೊಳಗೆ ವಿಸ್ಕಿಗೆ ವಯಸ್ಸಾಗೋದಿಲ್ಲ. ಮರ ಬಿಟ್ಟ ದಿನವೇ ಅದರ ಬೆಳವಣಿಗೆ ನಿಂತಿತು. ನೀಲಮ್ಮನ ಮದುವೆಗೂ ಇದು ಮೂರು ವರ್ಷದ್ದೇ. ನೀನು ಹೂಂ ಅಂದ್ರೆ ಪೂರ್ತಿ ಬಾಟಲಿಯನ್ನ ಯಂತ್ರಕ್ಕೆ ಹಾಕಿಕೊಡ್ತೇನೆ."

ಕುಟ್ಟಪ್ಪ ತನ್ನ ಲೋಟ ಎತ್ತಿಕೊಂಡ. ಎಳೆಯ ವಿಸ್ಕಿಯನ್ನು ಇನ್ನೊಮ್ಮೆ ಮೂಸಿದ, ತುಟಿಗೆ ಸೋಕಿಸಿದ. ಚುರುಕಿಗೆ ಮುಖ ಕಿವುಚಿ ನಕ್ಕ.

"ಹಾಗೇ ನಿಂತುಬಿಡ್ತದಾ?" ಎಂದ. "ಮದುವೆಯ ದಿನ ಮೊದಲ ಹನಿ ಹಿರಿಯರಿಗೆ ಅಲ್ವಾ. ಆಗ ನಾನೂ ಆ ಸಾಲಲ್ಲಿ ಇರ್ತೇನೆ. ನಂಗೆ ಗೊತ್ತಿರೋ ನೀಲಮ್ಮ ಮೂರು ವರ್ಷದವಳು. ಹೀಗೇ ಇರ್ಲಿ, ಮುಟ್ಟಬೇಡ."

"ಹಾಗಾದ್ರೆ ಹನಿ ಸ್ವಲ್ಪ ದೊಡ್ಡದೇ ಹಾಕ್ಲಿಕ್ಕೆ ಈಗಲೇ ಹೇಳಿ ಇಡ್ಬೇಕು ಡಾಕ್ಟ್ರೇ," ಎಂದ ಫೆಲಿಕ್ಸ್.

ದೇಚಮ್ಮ ನಗುತ್ತ ಬಾಟಲಿಗೆ ಮುಚ್ಚಳ ಬಿಗಿದು ಮೇಣ ಹಚ್ಚಿದಳು. ಕಾಲವನ್ನು ಓಡಿಸುವ ಯಂತ್ರವನ್ನು ಕಟ್ಟಲು ಅರ್ಧ ಆಯುಷ್ಯ ಹೋಗಿತ್ತು. ಅದನ್ನು ನಿಲ್ಲಿಸುವ ಕೆಲಸವನ್ನು ಒಂದು ಗಾಜಿನ ಬಾಟಲಿ ಸದ್ದಿಲ್ಲದೆ ಮಾಡುತ್ತಿತ್ತು. ಅವಳಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಗುಂಡಿ ಒತ್ತಿ ಯಂತ್ರವನ್ನು ಆರಿಸಿ, ಪಂದಿಕರಿ ಬಡಿಸಿದಳು.

ಇದೆಲ್ಲ ನಡೆಯಲು ಇನ್ನೂ ಮೂವತ್ತೈದು ವರ್ಷ ಬೇಕು. ಕುಟ್ಟಪ್ಪ ಈಗಿನ್ನೂ ನಲವತ್ತು ದಾಟದ ದನದ ಡಾಕ್ಟರು. ಮುಂದೆ ನೀಲಮ್ಮನ ತಾಯಿಯಾಗಬೇಕಾದ ಅವನ ಮಗಳಿಗೆ ಈಗ ಮೂರು ವರ್ಷ. ಬೆಳಗ್ಗೆ ಕೆಲಸಕ್ಕೆ ಹೊರಟವನ ಕಾಲಿಗೆ ಜೋತುಬೀಳುತ್ತಾಳೆ. ಅವನು ಗಡಿಯಾರ ನೋಡಿಕೊಂಡು, ಇವಳೊಬ್ಬಳು ಯಾವಾಗ ದೊಡ್ಡವಳಾಗುತ್ತಾಳೋ ಎಂದು ಗೊಣಗುತ್ತ, ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಾನೆ.