ಗಾಲಿ ಬಿಚ್ಚಿಟ್ಟ ಟ್ರೇಲರ್

ಅಂಬವ್ವ ಬೇಡವೆಂದದ್ದು ಒಂದು ಸಲವಲ್ಲ, ಮೂರು ಸಲ. ಮೂರು ಸಲವೂ ನವೀನ ನಕ್ಕುಬಿಟ್ಟ. ಪಾಪ, ನಗದೆ ಏನು ಮಾಡಿಯಾನು? ಅಂಧೇರಿಯ ಸಿನಿಮಾದವರಿಗೆ ಹಳೇ ಮಿಲಿಟರಿ ಜೀಪು ಬಾಡಿಗೆಗೆ ಕೊಡುವುದು ಅವನ ಕಸುಬು. ಆ ಜೀಪಿಗೆ ಜೋಡಿಯಾಗುವ ಟ್ರೇಲರಿಗಾಗಿ ಎರಡು ವರ್ಷದಿಂದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದ್ದ. ಅದು ಇಲ್ಲಿ, ಜೋಗೇಶ್ವರಿಯ ಕಟ್ಟಕಡೆಯ ಝೋಪಡಿಯನ್ನೂ ದಾಟಿ, ಸಮುದ್ರದ ಹಿನ್ನೀರು ನುಗ್ಗುವ ಖಾಡಿಯ ಕೆಸರು ಶುರುವಾಗುವ ಕಡೆ, ಗಾಲಿಯಿಲ್ಲದೆ ಹೊಟ್ಟೆ ನೆಲಕ್ಕೆ ಹಚ್ಚಿ ಕೂತಿತ್ತು. ಸುತ್ತ ಒಂದು ನಾಯಿಯೂ ಇರಲಿಲ್ಲ. ಹತ್ತಡಿ ಖಾಲಿ ಜಾಗ ಸಿಕ್ಕರೆ ತಾಡಪತ್ರಿ ಕಟ್ಟಿ ಸಂಸಾರ ಹೂಡುವ ಮುಂಬಯಿಯ ಜನ ಆ ಜಾಗವನ್ನು ಮಾತ್ರ ಬಿಟ್ಟುಬಿಟ್ಟಿದ್ದರು. ಏಕೆಂದು ನವೀನನಿಗೆ ಹೊಳೆಯಲೇ ಇಲ್ಲ.

ಅವನ ಕಣ್ಣು ಕಂಡದ್ದೇ ಬೇರೆ. ಮೊಣಕಾಲೂರಿ ಕೂತು ಅದರ ಮೈ ತಡವಿದ. ತೊಟ್ಟಿಯಂಥ ತಗಡಿನ ಒಡಲು, ನೀರು ಹೋಗಲು ತಳದಲ್ಲಿ ಎರಡು ಬಿರಡೆ, ಮೂತಿಯಲ್ಲಿ ಜೀಪಿನ ಕೊಕ್ಕೆಗೆ ಸಿಕ್ಕಿಸುವ ದಪ್ಪ ಕಬ್ಬಿಣದ ಉಂಗುರ, ಅದರ ಕೆಳಗೆ ಮಡಚುವ ಕಾಲು. ಕಂಪನಿಯ ಹೆಸರಿನ ಪಟ್ಟಿ ಬಿದ್ದುಹೋಗಿ ನಾಲ್ಕು ತೂತು ಮಾತ್ರ ಉಳಿದಿತ್ತು. ಚಾಕುವಿನ ತುದಿಯಿಂದ ಬಣ್ಣ ಕೆರೆದ. ಹಳದಿ, ಅದರಡಿ ನೀಲಿ, ಅದರಡಿ ಮಿಲಿಟರಿ ಹಸಿರು. ಹಸಿರಿನ ಮೇಲೆ ಮೇಲ್ಮುಖದ ಬಾಣ, ಪಕ್ಕದಲ್ಲಿ ಫೌಜಿನ ನಂಬರು. ಅಸಲಿ ಮಾಲು! ನವೀನನಿಗೆ ಕುಣಿಯುವುದೊಂದು ಬಾಕಿ.

ಅಂಬವ್ವ ಹತ್ತಿರ ಬರಲಿಲ್ಲ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಅಲ್ಲೇ ನೆಲೆಯೂರಿದ ಮಂದಿಗೆ ಹಿರಿಯಳು ಆಕೆ. ಇಪ್ಪತ್ತು ಹೆಜ್ಜೆ ದೂರದಲ್ಲಿ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

“ಬ್ಯಾಡ್ರಿ ಸಾಹೇಬ್ರ. ರೋಗ ಬಂದ ವರ್ಷ ಮಾರಿನ್ನ ಇದರಾಗ ಕುಂಡ್ರಿಸಿ, ಮಂದಿ ಇಲ್ಲದ ಜಾಗಾಕ ಎಳಕೊಂಡು ಬಂದು, ನಾವ ಗಾಲಿ ಬಿಚ್ಚೀವಿ. ಗಾಲಿ ಹಾಕಿದ್ರ ಆಕಿ ತಿರುಗಿ ಬರ್ತಾಳ.”

ಅವರ ಊರಲ್ಲಿ ಮಾರಿಯನ್ನು ಮರದ ಗಾಡಿಯಲ್ಲಿ ಕೂರಿಸಿ ಗಡಿ ದಾಟಿಸುತ್ತಾರೆ. ಪಕ್ಕದೂರಿನವರು ತಮ್ಮ ಗಡಿ ದಾಟಿಸಿ ಕೈ ತೊಳೆದುಕೊಳ್ಳುತ್ತಾರೆ. ಇಲ್ಲಿ ಮರದ ಗಾಡಿ ಎಲ್ಲಿಂದ ಬರಬೇಕು? ಸಿಕ್ಕ ಕಬ್ಬಿಣದ್ದೇ ಗಾಡಿಯಾಯಿತು. ಅಣವೀರಪ್ಪನೆಂಬ ಮಂತ್ರಗಾರ ನಾಲ್ಕು ಮೂಲೆಗೆ ಮೊಳೆ ಹೊಡೆದು, ಕರಿದಾರ ಸುತ್ತಿ ಕಟ್ಟು ಹಾಕಿದ. ಹಾಕಿದವನೇ ಎಂಟು ದಿನದಲ್ಲಿ ಉಸಿರು ಸಿಗದೆ ಸತ್ತ. ಕಟ್ಟು ಬಿಚ್ಚಿದರೆ ಮತ್ತೆ ಹಾಕಬಲ್ಲವರು ಈಗ ಯಾರೂ ಉಳಿದಿಲ್ಲವೆಂದು ಮುದುಕಿ ಗೋಗರೆಯುತ್ತಿದ್ದರೆ, ನವೀನ ಇಕ್ಕಳ ಹಿಡಿದು ಮೊಳೆ ಕೀಳುತ್ತಿದ್ದ. ಗಾಲಿ ಎಲ್ಲುಂಟು ಅಂತ ಮಾತ್ರ ಹೇಳಿ ಅಮ್ಮ, ಉಳಿದದ್ದು ನನಗೆ ಬಿಡಿ ಅಂದ. ಆಕೆ ಬಾಯಿ ಬಿಡಲಿಲ್ಲ. ಬಿಡದಿದ್ದರೇನಂತೆ, ಬೇರೆ ಗಾಲಿ ಸಿಗದ ಊರೇ ಇದು?

ಟೆಂಪೋದಲ್ಲಿ ಹೇರಿಕೊಂಡು ಬೊರಿವಲಿಯ ತನ್ನ ಬಿಲ್ಡಿಂಗಿನ ಕಾಂಪೌಂಡಿಗೆ ತಂದ. ಒಡಲಲ್ಲಿ ಒಣಗಿದ ಬೇವು, ಬಳೆಚೂರು, ಕಪ್ಪಾದ ಕೊಬ್ಬರಿ. ಎಲ್ಲವನ್ನೂ ಬಾಚಿ ಕಸಕ್ಕೆ ಸುರಿದ. ಪೈಪು ಹಿಡಿದು ತೊಳೆದು ಬಿರಡೆ ಬಿಚ್ಚಿದಾಗ ಕೆಳಗೆ ಇಳಿದ ನೀರು ಬೆಚ್ಚಗಿತ್ತು. ಜ್ವರದವರು ಬಹಳ ದಿನ ಮಲಗಿದ ಹಾಸಿಗೆಯ ವಾಸನೆ, ಅದರೊಳಗೆ ಸುಟ್ಟ ಅರಿಶಿನದ ಘಾಟು. ನಾಲ್ಕು ಸಲ ಫಿನಾಯಿಲ್ ಸುರಿದರೂ ಹೋಗಲಿಲ್ಲ. ತಳಕ್ಕೆ ತೇಪೆ ಬೆಸೆದ ವೆಲ್ಡರ್ ಸುಭಾಷ ಮಾರನೇ ದಿನ ಕೆಮ್ಮುತ್ತ ಬಂದ, ಮೂರನೇ ದಿನ ಬರಲಿಲ್ಲ. ಹೊಗೆ ಕುಡಿದು ಹಾಗಾಗಿದೆ ಅಂದುಕೊಂಡು ನವೀನ ಹಸಿರು ಬಣ್ಣ ಬಳಿಯುತ್ತ ಕೂತ.

ಹದಿನೈದನೇ ದಿನ ಬೇರಿಂಗಿಗೆ ಗ್ರೀಸು ತುಂಬಿ, ಗಾಲಿ ಏರಿಸಿ, ನಟ್ಟು ಬಿಗಿದ. ಟ್ರೇಲರನ್ನು ಜ್ಯಾಕಿನ ಮೇಲೆ ನಿಲ್ಲಿಸಿ ಒಂದು ಗಾಲಿಯನ್ನು ಕೈಯಿಂದ ತಿರುವಿ ನೋಡಿದ. ತಿರುಗಿತು. ತಿರುಗುತ್ತಲೇ ಇತ್ತು. ಮೇಲೆ ಹೋಗಿ ಚಹಾ ಕುಡಿದು ಬಂದರೂ ತಿರುಗುತ್ತಿತ್ತು, ಯಾರೋ ನಿದ್ದೆಯಲ್ಲಿ ಉಸಿರಾಡುವಂಥ ಸದ್ದು ಮಾಡುತ್ತ. ಎಂಥ ಗ್ರೀಸು ಮಾರಾಯ ಅಂತ ತನ್ನ ಬೆನ್ನು ತಾನೇ ತಟ್ಟಿಕೊಂಡ. ಏಳು ವರ್ಷದ ಮಗಳು ಯಕ್ಷಿತಾಳನ್ನು ಎತ್ತಿ ಒಳಗೆ ನಿಲ್ಲಿಸಿ ಫೋಟೋ ತೆಗೆದ. ಇಳಿಸುವಾಗ ಮಗು ಒಮ್ಮೆ ಕೆಮ್ಮಿತು. ಆ ಕ್ಷಣಕ್ಕೇ ಗಾಲಿ ನಿಂತಿತು.

ಅಂದು ಸಂಜೆ ಜ್ವರ. ಮಾರನೇ ದಿನ ಆಸ್ಪತ್ರೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ, ರಕ್ತದಲ್ಲಿ ಏನೂ ಇಲ್ಲ, ಉಸಿರು ಮಾತ್ರ ದಕ್ಕುತ್ತಿಲ್ಲ. ಡಾಕ್ಟರುಗಳು ಆಕ್ಸಿಜನ್ ಹಚ್ಚಿ, ತಿಳಿದದ್ದೆಲ್ಲ ಮಾಡಿದರು. ಮೂರನೇ ದಿನ ಮಧ್ಯಾಹ್ನ ನವೀನ ಮಗಳ ಹಣೆಗೆ ಮುತ್ತಿಡಲು ಬಗ್ಗಿದ. ಅರಿಶಿನದ ಘಾಟು ಮೂಗಿಗೆ ಬಡಿಯಿತು.

ಹೆಂಡತಿ ನಿಶಾಳನ್ನು ಮಗಳ ಹತ್ತಿರ ಬಿಟ್ಟು ಮನೆಗೆ ಓಡಿದ. ಗಾಲಿ ಬಿಚ್ಚಲು ಪಾನಾ ಹಾಕಿದ. ತಾನೇ ಬಿಗಿದ ನಟ್ಟು, ಪಾನಾದ ಮೇಲೆ ಹತ್ತಿ ತುಳಿದರೂ ಕೂದಲೆಳೆಯಷ್ಟು ಕದಲಲಿಲ್ಲ. ಹಾಗಾದರೆ ತಂದಲ್ಲಿಗೇ ಎಳೆದುಕೊಂಡು ಹೋಗಿ ಬಿಡುವುದೊಂದೇ ದಾರಿ. ಉಂಗುರವನ್ನು ಜೀಪಿನ ಕೊಕ್ಕೆಗೆ ಸಿಕ್ಕಿಸಿ, ಪಿನ್ನು ಹಾಕಿ, ಮಟಮಟ ಮಧ್ಯಾಹ್ನದಲ್ಲಿ ಹೊರಟ.

ಗೇಟು ದಾಟುತ್ತಲೇ ನಿಶಾಳ ಫೋನು. ಅಳುತ್ತಿದ್ದಳು, ನಗುತ್ತಲೂ ಇದ್ದಳು. ಮಗು ನೆಟ್ಟಗೆ ಉಸಿರು ತೆಗೆದುಕೊಳ್ಳುತ್ತಿದೆಯಂತೆ. ನವೀನ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದ ಸೀಟಿನಲ್ಲಿಟ್ಟ. ಹೈವೇಗೆ ಸೇರುವ ಮೊದಲು ಸಿಗ್ನಲ್ ಕೆಂಪಾಯಿತು. ಜೀಪು ನಿಂತಿತು. ಫೋನಿನಲ್ಲಿ ಕೆಮ್ಮು ಎದ್ದಿತು, ಎದೆ ಸೀಳುವ ಕೆಮ್ಮು. ಹಸಿರಾಯಿತು, ಹೊರಟ, ಕೆಮ್ಮು ಇಳಿಯಿತು. ಮುಂದೆ ಒಂದು ಬೆಸ್ಟ್ ಸಿಟಿ ಬಸ್ಸು ಅಡ್ಡ ಬಂತು, ನಿಂತ, ಮತ್ತೆ ಕೆಮ್ಮು. ಆಗ ಅವನಿಗೆ ಅರ್ಥವಾಯಿತು. ಗಾಲಿ ಉರುಳುತ್ತಿದ್ದರೆ ಮಾರಿ ಸುಮ್ಮನಿರುತ್ತಾಳೆ. ಮಂದಿಯ ನಡುವೆ ನಿಂತರೆ ಉಣ್ಣುತ್ತಾಳೆ.

ನಿಲ್ಲಬಾರದು. ಅಷ್ಟೇ. ಖಾಡಿಯತನಕ ಎಲ್ಲೂ ನಿಲ್ಲಬಾರದು. ಕಾಂದಿವಲಿ ದಾಟಿತು. ಕಟ್ಟಿದ ಹರಕೆಗಳಿಗೆ ಲೆಕ್ಕವಿಲ್ಲ. ಕಟೀಲಿನಮ್ಮ, ಕಾಪಾಡು. ಹಿಂದಿನಿಂದ ಕಬ್ಬಿಣದ ಉಂಗುರ ಕಟಕಟ ಹಲ್ಲು ಕಡಿಯಿತು. ಮಲಾಡ್ ಬಂತು. ಮುಂದೆ ಒಂದು ಕೆಂಪು ದೀಪ ಹೊತ್ತಿತು. ಅದರ ಮುಂದೆ ಇನ್ನೊಂದು. ಕಣ್ಣು ಹಾಯುವಷ್ಟು ದೂರ ಬರೀ ಬ್ರೇಕಿನ ದೀಪಗಳೇ. ಎಡಕ್ಕೆ ಟೆಂಪೋ. ಬಲಕ್ಕೆ ಗೋಡೆ. ಎದುರಿಗೆ ಕಂಪನಿ ಬಸ್ಸು. ಜೀಪು ತೆವಳಿತು. ನಿಂತಿತು.

“ನವೀನ್, ಇವಳ ತುಟಿ ನೀಲಿ ಆಗ್ತಾ ಉಂಟು,” ಅಂದಳು ನಿಶಾ. “ಏನಾದ್ರೂ ಮಾಡಿ ಮಾರ್ರೆ.”

ಏನು ಮಾಡುವುದು? ಹಾರ್ನು ಒತ್ತಿ ಹಿಡಿದ. ಎಲ್ಲರೂ ಒತ್ತಿದ್ದರು. ಇಳಿದು ಹಿಂದಕ್ಕೆ ಓಡಿದ. ಕಿತ್ತುಬಿಡಬೇಕು. ಜೀಪಿನಿಂದ ಕಿತ್ತರೆ ಮಾರಿ ತನ್ನವಳಲ್ಲ, ಗಡಿ ದಾಟಿಸಿದ ಹಾಗೆ. ಪಿನ್ನು ಎಳೆದ, ಬೆಣ್ಣೆಯೊಳಗಿನ ಕೂದಲಿನಂತೆ ಬಂತು. ಉಂಗುರ ಎತ್ತಿ ಪಕ್ಕಕ್ಕೆ ನೂಕಿ, ಮಡಚಿದ ಕಾಲು ಬಿಡಿಸಿ ರಸ್ತೆಗೆ ಊರಿದ. ಓಡಿ ಬಂದು ಫೋನೆತ್ತಿಕೊಂಡ.

ಕೆಮ್ಮು ನಿಂತಿತ್ತು. ಯಾರೋ ನೀರು ಕುಡಿಯುವ ಸದ್ದು. ಆಮೇಲೆ ಮಗಳ ಸಣ್ಣ ದನಿ: “ಪಪ್ಪಾ, ಬರ್ತಾ ವಡಾಪಾವ್ ಲಾನಾ.”

ನವೀನ ಬಾನೆಟ್ಟಿನ ಮೇಲೆ ತಲೆಯಿಟ್ಟು ಅತ್ತ. ಟ್ರೇಲರಿನ ಹಿಂದೆ ಒಂದು ರಿಕ್ಷಾ ಇತ್ತು, ಅದರಲ್ಲೊಬ್ಬ ಹೆಂಗಸು, ಮಡಿಲಲ್ಲಿ ಕೂಸು. ಆ ಕೂಸು ಕೆಮ್ಮತೊಡಗಿದ್ದನ್ನು ಅವನು ಕೇಳಿದ. ತಾಯಿ ಅದರ ಬೆನ್ನು ನೀವುವುದನ್ನೂ ಕಂಡ. ಕಂಡೂ ಅವನಿಗೆ ಸಂತೋಷವೇ ಆಯಿತು, ಹೊಟ್ಟೆ ತುಂಬಾ ಸಂತೋಷ. ನಾಚಿಕೆಯೂ ಆಯಿತು. ಆದರೆ ಬಾಯಿ ಬಿಡಲಿಲ್ಲ.

ಟೆಂಪೋದಿಂದ ಇಬ್ಬರು ಇಳಿದರು. ರಿಕ್ಷಾದವನು ಇಳಿದ. ಬೈಕಿನವನೊಬ್ಬ ಹೆಲ್ಮೆಟ್ ಕೂಡ ತೆಗೆಯದೆ ಬಂದ. ಕಷ್ಟದಲ್ಲಿ ಕೈ ಕೊಡುವುದರಲ್ಲಿ ಮುಂಬಯಿಯವರನ್ನು ಮೀರಿಸಿದವರಿಲ್ಲ. “ಅರೇ ಭಾಯ್, ಟ್ರಾಲಿ ನಿಕಲ್ ಗಯಾ,” ಎನ್ನುತ್ತ ನಾಲ್ವರೂ ಸೇರಿ ಉಂಗುರಕ್ಕೆ ಕೈ ಹಾಕಿದರು.

ಬೇಡ ಎಂದು ನವೀನ ಕಿರುಚಿದ. ಯಾವ ಭಾಷೆಯಲ್ಲಿ ಕಿರುಚಿದನೋ ಅವನಿಗೇ ಗೊತ್ತಿಲ್ಲ. ಹಾರ್ನುಗಳ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಕೈ ಮುಗಿದ. ಉಪಕಾರ ನೆನೆಯುತ್ತಿದ್ದಾನೆ ಅಂದುಕೊಂಡು ಅವರು ನಕ್ಕರು. ಒಬ್ಬನ ತೋಳು ಹಿಡಿದು ಎಳೆದ. ಅವನು ಕೊಸರಿಕೊಂಡು, ಗಾಬರಿಯಾಗಬೇಡ ಅಂತ ಇವನ ಬೆನ್ನು ತಟ್ಟಿದ. ಏಕ್, ದೋ, ತೀನ್. ಉಂಗುರ ಕೊಕ್ಕೆಯಲ್ಲಿ ಕೂತಿತು. ಪಿನ್ನನ್ನು ಯಾರೋ ಅಂಗೈಯಿಂದ ಗುದ್ದಿ ಸೇರಿಸಿದರು.

ನವೀನ ಪಿನ್ನು ಹಿಡಿದು ಜಗ್ಗಿದ. ಬರಲಿಲ್ಲ. ಕಾಲು ಕೊಟ್ಟು ಜಗ್ಗಿದ. ಉಗುರು ಕಿತ್ತು ರಕ್ತ ಬಂತು, ಪಿನ್ನು ಬರಲಿಲ್ಲ. ರಿಕ್ಷಾದ ಕೂಸು ಸುಮ್ಮನಾಗಿತ್ತು. ಫೋನಿನಲ್ಲಿ ಯಕ್ಷಿತಾ ಏನೋ ಹೇಳುತ್ತಿದ್ದವಳು ಮಾತಿನ ನಡುವೆ ತಡೆದಳು. ಕೆಮ್ಮಲಿಲ್ಲ. ಕೆಮ್ಮಲು ಒಳಗೆ ಗಾಳಿ ಬೇಕಲ್ಲ. ನಿಶಾ ನರ್ಸನ್ನು ಕರೆದಳು. ಡಾಕ್ಟರನ್ನು ಕರೆದಳು. ಓಡಿ ಬರುವ ಕಾಲುಗಳ ಸದ್ದು. ಮಗಳ ಹೆಸರನ್ನು ಒಂದು ಸಲ ಕೂಗಿದಳು, ಎರಡು ಸಲ ಕೂಗಿದಳು. ಆಮೇಲೆ ಕೂಗಲಿಲ್ಲ.

ಎದುರಿನ ಬಸ್ಸು ಆಗ ಹೊರಟಿತು. ಮುಂದೆ ರಸ್ತೆ ಗೋರೆಗಾಂವ್‌ವರೆಗೂ ಖಾಲಿಯಾಗಿತ್ತು.